ಎರಡನೇ ಭಾಗ ತೆರೆಯದ ಮಕ್ಕಳು

ದೀಪಾವಳಿ ಕಳೆದ ವಾರದಲ್ಲಿ ಹೊನ್ನಾಳಿ, ನ್ಯಾಮತಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಕಾಫಿ ಸೀಮೆಯ ಮೇಸ್ತ್ರಿ ಮಳೆಗಾಲದಲ್ಲೇ ಮುಂಗಡ ಕೊಟ್ಟು ಹೋಗಿರುತ್ತಾನೆ. ಅಕ್ಕಿ ಚೀಲ, ಪಾತ್ರೆ, ಕಂಬಳಿ, ಕಂಕುಳಲ್ಲಿ ಕೂಸು ಸಮೇತ ಸಂಸಾರಗಳು ಗಾಡಿ ಹತ್ತುತ್ತವೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಕೊಡಗಿನ ತೋಟಗಳ ದಾರಿ ಅದು. ಚನ್ನಗಿರಿಯ ತಾಂಡಾಗಳಿಂದಲೂ ಜಗಳೂರಿನ ಬೆದ್ದಲು ಊರುಗಳಿಂದಲೂ ಹೀಗೆ ಹೊರಡುವವರಿದ್ದಾರೆ. ಕೆಲವರು ಕಾಫಿ ಬಿಡಿಸಲು, ಕೆಲವರು ಕಬ್ಬು ಕಡಿಯಲು, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಬೀಗ ಮತ್ತೆ ತೆಗೆಯುವುದು ಹೋಳಿ, ಯುಗಾದಿಯ ಹೊತ್ತಿಗೆ.

ಇವರ ಮಕ್ಕಳ ಮಾತು ಬಂದರೆ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ. "ದುಡಿಯೋರು ದುಡಿಯಾಕೆ ಹೋಗ್ಲಿ, ಮಕ್ಕಳನ್ನ ಯಾಕೆ ಕಟ್ಕೊಂಡು ಹೋಗ್ತಾರೆ? ಅಜ್ಜಿ ಹತ್ರ ಬಿಡ್ಲಿ, ಇಲ್ಲಾ ಹಾಸ್ಟೆಲ್‌ಗೆ ಹಾಕ್ಲಿ. ಓದಿನ ಬೆಲೆ ಗೊತ್ತಿಲ್ಲ ಅವರಿಗೆ." ಶಾಲೆಯ ಜಗಲಿಯಲ್ಲಿ, ಪಂಚಾಯಿತಿ ಸಭೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಡೆ ಇದೇ ಮಾತು. ಹೇಳುವವರು ಕೆಟ್ಟವರಲ್ಲ, ಬಹುಪಾಲು ಮಂದಿ ಆ ಮಕ್ಕಳ ಒಳಿತನ್ನೇ ಬಯಸಿ ಹೇಳುತ್ತಾರೆ. ನಾನೂ ಬಹಳ ಕಾಲ ಹೀಗೇ ನಂಬಿದ್ದೆ. ಈಗ ನಂಬುವುದಿಲ್ಲ. ಈ ಮಾತು ಮಕ್ಕಳನ್ನು ಕಾಪಾಡುತ್ತಿಲ್ಲ, ನಮ್ಮ ಹೊಣೆಯನ್ನು ತಾಯಿಯ ತಲೆಗೆ ಕಟ್ಟುತ್ತಿದೆ ಎಂಬುದು ನನ್ನ ವಾದ.

ಮನಸ್ಸು ಬದಲಾದದ್ದು ಒಂದು ಪುಸ್ತಕದಿಂದ. ನ್ಯಾಮತಿ ತಾಲ್ಲೂಕಿನ ಒಂದು ತಾಂಡಾ ಶಾಲೆಗೆ ಮಾರ್ಚ್ ತಿಂಗಳಲ್ಲಿ ಹೋಗಿದ್ದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಅದೇ ವಾರ ಕಾಫಿ ತೋಟದಿಂದ ಮರಳಿದ್ದಳು. ಈಗ ನಮ್ಮ ಪಠ್ಯಪುಸ್ತಕಗಳು ಎರಡು ಭಾಗವಾಗಿ ಬರುತ್ತವೆ. ಮೊದಲ ಭಾಗ ದಸರಾದವರೆಗೆ, ಎರಡನೆಯದು ಆಮೇಲೆ. ಅವಳ ಚೀಲದಲ್ಲಿ ಎರಡೂ ಇದ್ದವು. ಭಾಗ-1ರ ಮೂಲೆಗಳು ಮಡಚಿ, ಹಾಳೆಗಳು ಮೆತ್ತಗಾಗಿದ್ದವು. ರಟ್ಟಿನ ಒಳಗೆ ಅವಳೇ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಸುತ್ತ ಹೂವಿನ ಬಳ್ಳಿ ಎಳೆದಿದ್ದಳು. ಭಾಗ-2 ಹೊಚ್ಚ ಹೊಸದು, ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅದರ ಮೇಲೂ ಅವಳ ಹೆಸರಿತ್ತು, ಆದರೆ ಮೇಷ್ಟ್ರ ಕೈಬರಹದಲ್ಲಿ. ಪುಸ್ತಕ ಹಂಚಿದ ದಿನ ಅವಳು ಊರಲ್ಲಿರಲಿಲ್ಲ. "ಅಲ್ಲಿ ಏನ್ ಮಾಡ್ತಿದ್ದೆ ಪುಟ್ಟಿ?" ಎಂದೆ. "ತಮ್ಮನ್ನ ಎತ್ಕೋತಿದ್ದೆ ಸಾರ್" ಎಂದಳು.

ಆ ಮೇಷ್ಟ್ರು ಹಾಜರಿ ಪುಸ್ತಕ ತೆರೆದು ತೋರಿಸಿದರು. ಒಂದನೇ ತರಗತಿಯಿಂದಲೂ ಅವಳದು ಹೀಗೆಯೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೆಚ್ಚುಕಡಿಮೆ ಪೂರ್ತಿ ಹಾಜರಿ, ನವೆಂಬರ್‌ನಿಂದ ಸಾಲುಗಟ್ಟಿ ಗೈರು. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿಯವರೆಗೆ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗಿರುತ್ತದೆ, ಅದರ ಬೆನ್ನಿಗೇ ಮೆಣಸು. ನಮ್ಮ ಶಾಲೆಯ ಎರಡನೇ ಅವಧಿಯೂ ಕಾಫಿಯ ಹಂಗಾಮೂ ಒಂದರ ಮೇಲೊಂದು ಕೂತಿವೆ. ಮಗುವನ್ನು ಮಾತ್ರ ವರ್ಷವರ್ಷವೂ ಮುಂದಿನ ತರಗತಿಗೆ ದಾಟಿಸಲಾಗುತ್ತದೆ. ಐದನೇ ತರಗತಿ ಮುಗಿಸುವಾಗ ಅವಳು ಐದು ವರ್ಷ ಓದಿದ ಲೆಕ್ಕ, ಕಲಿತದ್ದು ಐದು ಅರ್ಧಗಳು. ಅವಳಿಗೆ ಬುದ್ಧಿ ಕಡಿಮೆ ಎಂದು ಯಾರಾದರೂ ಹೇಳಿದರೆ ಆ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬೇಕು.

ಹಾಗಾದರೆ ಊರಲ್ಲೇ ಬಿಡುವುದು ಒಳ್ಳೆಯದಲ್ಲವೆ? ಈ ವಾದಕ್ಕೆ ಬಲವಿಲ್ಲದೆ ಇಲ್ಲ. ತೋಟದ ಲೈನ್ ಮನೆಯಲ್ಲಿ ಚಳಿ, ದಾರಿಯಲ್ಲಿ ಆನೆಯ ಭಯ, ಗಿಡದ ಬುಡದಲ್ಲಿ ಹಾವು. ಅಲ್ಲಿಗೆ ಮಗುವನ್ನು ಒಯ್ಯಬೇಡಿ ಎನ್ನುವುದು ಸಹಜ. ಸರ್ಕಾರ ಕಲ್ಯಾಣ ಕರ್ನಾಟಕದ ಕಡೆ ನಡೆಸಿದ ಋತುಮಾನದ ಹಾಸ್ಟೆಲ್‌ಗಳ ಹಿಂದಿರುವುದೂ ಇದೇ ಯೋಚನೆ. ದೊಡ್ಡ ಮಕ್ಕಳಿಗೆ ಹಾಸ್ಟೆಲ್ ನಿಜಕ್ಕೂ ದಾರಿ ತೋರಿಸಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಪ್ರವೇಶ ಆರನೇ ತರಗತಿಯಿಂದ, ಅದೂ ಪರೀಕ್ಷೆ ಬರೆದು. ಐದು ವರ್ಷ ಅರ್ಧಂಬರ್ಧ ಓದಿದ ಮಗು ಆ ಪರೀಕ್ಷೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಚಿಕ್ಕವರ ಆಶ್ರಮ ಶಾಲೆಗಳು ಕೆಲವೇ ಕಡೆ ಇವೆ. ಅಕ್ಷರ ಕೂಡಿಸುವ ವಯಸ್ಸಿನ ಮಗುವಿಗೆ "ಹಾಸ್ಟೆಲ್‌ಗೆ ಹಾಕಿ" ಎನ್ನುವುದು ಬಹುಪಾಲು ಊರುಗಳಲ್ಲಿ ಬರೀ ಬಾಯಿಮಾತು.

ಉಳಿದದ್ದು ಅಜ್ಜಿ. ನಾವು ಅಜ್ಜಿ ಎಂದ ಕೂಡಲೇ ಕಣ್ಣ ಮುಂದೆ ತುಂಬಿದ ಮನೆಯ ಹಿರಿಯಳೊಬ್ಬಳು ಬರುತ್ತಾಳೆ. ಬೀಗ ಬಿದ್ದ ಸಾಲಿನ ನಡುವೆ ಉಳಿದ ಅಜ್ಜಿ ಬೇರೆ. ಅವಳಿಗೆ ಕಣ್ಣು ಮಂಜು, ಮಂಡಿ ನೋವು, ಕೈಲಾದ ದಿನ ಅವಳೂ ಕೂಲಿಗೆ ಹೋಗಬೇಕು. ಅಜ್ಜಿ ಮಗುವನ್ನು ನೋಡಿಕೊಳ್ಳುತ್ತಿದ್ದಾಳೋ, ಮಗು ಅಜ್ಜಿಯನ್ನು ನೋಡಿಕೊಳ್ಳುತ್ತಿದೆಯೋ ಹೇಳುವುದು ಕಷ್ಟ. ರಾತ್ರಿ ಜ್ವರ ಬಂದರೆ ಆಸ್ಪತ್ರೆಗೆ ಹೊತ್ತು ನಡೆಯುವವರಿಲ್ಲ. ಆರು ವರ್ಷದ ಮಗು ಸಂಜೆಯಾದರೆ "ಯಾಡಿ" (ಅಮ್ಮಾ) ಎಂದು ಅಳುತ್ತದೆ. ಐದು ತಿಂಗಳು ಹಾಗೆ ಕಳೆಯುವುದನ್ನು ಹಾಜರಿ ಪುಸ್ತಕ ಯಾವ ಕಾಲಂನಲ್ಲೂ ಬರೆದುಕೊಳ್ಳುವುದಿಲ್ಲ. ಮಗಳು ಹನ್ನೆರಡು ದಾಟಿದರಂತೂ ತಾಯಿಗೆ ಬೇರೆಯೇ ಭಯ. ಒಬ್ಬಳನ್ನೇ ಬಿಟ್ಟು ಹೋಗಲಾರದೆ, ಕರೆದೊಯ್ಯಲೂ ಆಗದೆ, ಬೇಗ ಮದುವೆ ಮಾಡಿ ಕೈತೊಳೆದುಕೊಳ್ಳುವ ಯೋಚನೆ ಹುಟ್ಟುವುದು ಅಲ್ಲಿಯೇ. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುಗೊಳಿಸುವ ತಿದ್ದುಪಡಿಯನ್ನು ಕರ್ನಾಟಕ 2016ರಲ್ಲೇ ತಂದಿತು. ಕಾನೂನು ಮದುವೆಯನ್ನು ಅಳಿಸಬಹುದು, ತಾಯಿಯ ಆ ಭಯವನ್ನು ಅಳಿಸಲು ಬೇರೆಯದೇ ಏರ್ಪಾಡು ಬೇಕು.

ಇನ್ನು "ಓದಿನ ಬೆಲೆ ಗೊತ್ತಿಲ್ಲ" ಎಂಬ ಮಾತು. ಕಾಫಿ ಬಿಡಿಸುವ ಕೂಲಿ ಎಷ್ಟೋ ತೋಟಗಳಲ್ಲಿ ಕೆಜಿ ಲೆಕ್ಕ. ಗಂಡ ಹೆಂಡತಿ ಇಬ್ಬರೂ ಬೆಳಗಿನಿಂದ ಬಿಡಿಸಿದರೆ ಮಾತ್ರ ಮುಂಗಡ ತೀರಿ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ತಾಯಿಯ ಎರಡೂ ಕೈ ಗಿಡದ ಮೇಲಿರಬೇಕಾದರೆ ಕೂಸು ಇನ್ನೊಬ್ಬರ ಸೊಂಟದ ಮೇಲಿರಬೇಕು. ಆ ಸೊಂಟ ನಾಲ್ಕನೇ ತರಗತಿಯ ಅಕ್ಕನದು. ಕೂಸು ಮಲಗಿದರೆ ಅವಳು ಗಿಡದ ಬುಡದಲ್ಲಿ ಉದುರಿದ ಹಣ್ಣಿನ ಹಕ್ಕಲು ಆಯುತ್ತಾಳೆ, ಅದೂ ತೂಕಕ್ಕೆ ಸೇರುತ್ತದೆ. ತೊಟ್ಟಿಲಿಲ್ಲದ ಕಡೆ ಅಕ್ಕನಿಗೆ ಶಾಲೆಯಿಲ್ಲ, ಇಷ್ಟೇ ಲೆಕ್ಕ. ಈ ತಾಯಿಗೆ ಶಿಕ್ಷಣದ ಮಹತ್ವ ಕುರಿತು ಜಾಥಾ ಮಾಡಿ, ಕರಪತ್ರ ಹಂಚಿ ಏನು ಫಲ? ಅವಳಿಗೆ ಬೇಕಾಗಿರುವುದು ಕೂಸಿನ ಮನೆ.

ಕೂಸಿನ ಮನೆ ನಮಗೆ ಹೊಸ ಹೆಸರಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಗೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಅವನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಒಳ್ಳೆಯ ಯೋಜನೆ. ಆದರೆ ಅದು ಊರಲ್ಲಿ ಉಳಿದ ತಾಯಿಗೆ; ಊರು ಬಿಟ್ಟ ತಾಯಿಗೆ ತೊಟ್ಟಿಲು ಬೇಕಾದದ್ದು ತೋಟದಲ್ಲಿ. 1951ರ ತೋಟ ಕಾರ್ಮಿಕರ ಕಾಯ್ದೆಯೇ 50 ಹೆಣ್ಣಾಳುಗಳು ಅಥವಾ ಆರು ವರ್ಷದೊಳಗಿನ 20 ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೇಳಿತ್ತು. ಆದರೆ ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಚಿಕ್ಕವು, ಆ ಸಂಖ್ಯೆಯನ್ನು ಒಂಟಿಯಾಗಿ ಮುಟ್ಟುವುದಿಲ್ಲ. ಮೇಸ್ತ್ರಿ ಕರೆತಂದ ಹಂಗಾಮಿನ ಆಳುಗಳು ಖಾಯಂ ಪಟ್ಟಿಯಲ್ಲೂ ಸುಲಭಕ್ಕೆ ಸೇರುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಹುಟ್ಟಿದ್ದು ರಾಜ್ಯದ ಗಡಿ ದಾಟಿದವರಿಗಾಗಿ. ನ್ಯಾಮತಿಯಿಂದ ಮೂಡಿಗೆರೆಗೆ ಹೋದ ಸಂಸಾರ ಐದು ತಿಂಗಳು ಮನೆ ಬಿಟ್ಟಿದ್ದರೂ ಆ ಕಾಯ್ದೆಯ ಕಣ್ಣಿಗೆ ವಲಸೆ ಹೋದದ್ದೇ ಆಗಿರಲಿಲ್ಲ.

ಮತ್ತೊಂದು ನಂಬಿಕೆಯಿದೆ. ಗುಳೆಯನ್ನೇ ನಿಲ್ಲಿಸಿಬಿಟ್ಟರೆ ಮಕ್ಕಳ ಸಮಸ್ಯೆ ತಾನಾಗಿ ಮುಗಿಯುತ್ತದೆ, ನೀರು ಬಂದರೆ ಸಾಕು ಎಂಬುದು. ನೀರು ಬರಲಿ, ಜಗಳೂರಿನ ಬಾಯಾರಿದ ನೆಲಕ್ಕೆ ಭದ್ರಾ ಮೇಲ್ದಂಡೆಯೂ ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯೂ ಪೂರ್ಣ ಫಲ ಕೊಡಲಿ. ಆದರೆ ಈ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಚನ್ನಗಿರಿಯಲ್ಲಿ ಭದ್ರಾ ನಾಲೆಯಿದೆ, ಸೂಳೆಕೆರೆಯಿದೆ, ಅಡಿಕೆಯ ಐಶ್ವರ್ಯವಿದೆ. ಆದರೂ ಅಲ್ಲಿನ ತಾಂಡಾಗಳಿಗೆ ಬೀಗ ಬೀಳುತ್ತದೆ. ನೀರು ಹೊಲವಿದ್ದವನಿಗೆ ಸಿಕ್ಕುತ್ತದೆ. ತುಂಡು ಬೆದ್ದಲಿನವನಿಗೆ, ಏನೂ ಇಲ್ಲದವನಿಗೆ ನಾಲೆ ದಾಟುವ ದಾರಿಯಷ್ಟೇ. ಗುಳೆ ನಿಲ್ಲುವ ಕಾಲಕ್ಕೆ ಕಾಯುತ್ತ ಕೂತರೆ ಈಗ ಒಂದನೇ ತರಗತಿಯಲ್ಲಿರುವ ಮಗು ತಾನೇ ತಾಯಿಯಾಗಿ, ತನ್ನ ಕೂಸನ್ನು ಹೊತ್ತು ಅದೇ ಗಾಡಿ ಹತ್ತಿರುತ್ತದೆ.

ಕಾನೂನು ನಮಗಿಂತ ಮುಂದೆ ಹೋಗಿದೆ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ "ಮಗುವನ್ನು ಊರಲ್ಲಿ ಬಿಡಿ" ಎಂದು ಎಲ್ಲೂ ಹೇಳಿಲ್ಲ. ಅದರ 9ನೇ ಸೆಕ್ಷನ್ ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸುತ್ತದೆ. ಟಿ.ಸಿ. ತರುವುದು ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ 5ನೇ ಸೆಕ್ಷನ್. ಹಿಂದೆ ಬಿದ್ದ ಮಗುವಿಗೆ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ 4ನೆಯದು. ಮಗು ಎಲ್ಲಿದೆಯೋ ಅಲ್ಲಿನ ಶಾಲೆ ಅದರದು ಎಂಬುದೇ ಈ ಮೂರರ ಒಟ್ಟು ಅರ್ಥ.

ನಮ್ಮ ಮಕ್ಕಳ ವಿಷಯದಲ್ಲಿ ಇದು ಅಷ್ಟೇನೂ ಕಷ್ಟದ ಕೆಲಸವೂ ಅಲ್ಲ. ಒಡಿಶಾದಿಂದ ಬಂದ ಮಗುವಿಗೆ ಭಾಷೆ ಬೇರೆ, ಪುಸ್ತಕ ಬೇರೆ. ನ್ಯಾಮತಿಯ ಮಗುವಿಗೂ ಮೂಡಿಗೆರೆಯ ಮಗುವಿಗೂ ಒಂದೇ ಪಠ್ಯ, ಒಂದೇ ಇಲಾಖೆ, ಒಂದೇ ಬಿಸಿಯೂಟ, ಅದೇ ಹಾಲು, ಅದೇ ಮೊಟ್ಟೆ. ವಿದ್ಯಾರ್ಥಿಗಳ ದಾಖಲೆ ಕಂಪ್ಯೂಟರಿನಲ್ಲಿದೆ, ಪ್ರತಿ ಮಗುವಿಗೂ ಒಂದು ಸಂಖ್ಯೆಯಿದೆ. ದೀಪಾವಳಿಗೆ ಮೊದಲು ತಾಂಡಾದ ಮುಖ್ಯ ಶಿಕ್ಷಕರೂ ಅಂಗನವಾಡಿ ಕಾರ್ಯಕರ್ತೆಯೂ ಕೂತು, ಯಾವ ಮನೆಯವರು ಯಾವ ತೋಟಕ್ಕೆ ಹೊರಟಿದ್ದಾರೆಂದು ಮೇಸ್ತ್ರಿಯನ್ನೇ ಕೇಳಿ ಪಟ್ಟಿ ಮಾಡಬಹುದು. ಆ ಪಟ್ಟಿ ಅಲ್ಲಿನ ಕ್ಷೇತ್ರ ಶಿಕ್ಷಣಾಧಿಕಾರಿಗೆ ಹೋಗಲಿ. ಭಾಗ-2 ಪುಸ್ತಕ ಮಗುವಿನ ಚೀಲದಲ್ಲೇ ಹೋಗಲಿ. ಅಲ್ಲಿ ಹಾಕಿದ ಹಾಜರಿ ಇಲ್ಲಿಯದೇ ಎಂದು ಲೆಕ್ಕವಾಗಲಿ. ಆನೆಯ ದಾರಿಯಲ್ಲಿ ಮಕ್ಕಳನ್ನು ನಡೆಸಲಾಗದ ಕಡೆ ನಾಲ್ಕಾರು ತೋಟಗಳಿಗೆ ಸೇರಿ ಒಂದು ಟೆಂಟ್ ಶಾಲೆ, ಅದರ ಪಕ್ಕದಲ್ಲೇ ಒಂದು ಕೂಸಿನ ಮನೆ ಇರಲಿ. ತಾಂಡಾದಲ್ಲೇ ಓದಿ ಬೆಳೆದು, ಮನೆಮಾತು ಬಲ್ಲ ಯುವತಿಯರನ್ನು ಆ ಐದು ತಿಂಗಳಿಗೆ ಅತಿಥಿ ಶಿಕ್ಷಕಿಯರಾಗಿ ಕಳಿಸಿದರೆ ಮಗುವಿಗೂ ಧೈರ್ಯ, ಅವರಿಗೂ ಸಂಬಳ.

ಮಕ್ಕಳಿಗೆ ಶಾಲೆ ತೆರೆದರೆ ಗುಳೆಗೇ ಕುಮ್ಮಕ್ಕು ಕೊಟ್ಟಂತಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಶಾಲೆಯಿದೆ ಎಂದು ಯಾರೂ ಗುಳೆ ಹೋಗುವುದಿಲ್ಲ. ಸಾಲವಿದೆ ಎಂದು ಹೋಗುತ್ತಾರೆ. ಇನ್ನು ತೋಟದ ಮಾಲೀಕರಿಗೆ ಬಾಲಕಾರ್ಮಿಕ ಪ್ರಕರಣದ ಹೆದರಿಕೆ. ಮಕ್ಕಳು ಕಣ್ಣಿಗೆ ಬೀಳಬಾರದೆಂದು ಅವರು ಬಯಸುತ್ತಾರೆ. ಬರೀ ತಪಾಸಣೆಯಿಂದ ಮಗು ಲೈನ್ ಮನೆಯ ಕತ್ತಲೆಗೆ ಸರಿಯುತ್ತದೆ, ಶಾಲೆಗೆ ಬರುವುದಿಲ್ಲ. ಹೋಗಲು ಒಂದು ಜಾಗವಿದ್ದಾಗ ಮಾತ್ರ ಆ ಹೆದರಿಕೆ ಮಗುವಿನ ಪರವಾಗಿ ಕೆಲಸ ಮಾಡುತ್ತದೆ.

ಕಾಫಿ ಸೀಮೆಯವರನ್ನು ಪ್ರಶ್ನಿಸುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಅಡಿಕೆ ಕೊಯ್ಲಿನಲ್ಲಿ ಚನ್ನಗಿರಿಯ ಖೇಣಿ ಮನೆಗಳಿಗೆ ಹೊರಗಿನಿಂದ ಆಳುಗಳು ಬರುತ್ತಾರೆ. ತಾಯಂದಿರು ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಸಿಪ್ಪೆಯ ರಾಶಿಯ ಮೇಲೆ ಕೂತ ಮಕ್ಕಳನ್ನು ನಾವು ನೋಡಿದ್ದೇವೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಹಿಂಡು ತರುಬುವ ಬಡಗಣ ಸೀಮೆಯ ಕುರಿಗಾಹಿಗಳ ಮಕ್ಕಳನ್ನೂ ನೋಡಿದ್ದೇವೆ. ಅವರನ್ನು ಕರೆದು "ಬಾ, ಇಲ್ಲೇ ಕೂತು ಊಟ ಮಾಡು, ಪಾಠ ಕೇಳು" ಎಂದ ಶಾಲೆಗಳು ಎಷ್ಟು? ನಮ್ಮ ಮಕ್ಕಳಿಗೆ ಮೂಡಿಗೆರೆಯಲ್ಲಿ ಯಾವ ಬಾಗಿಲು ತೆರೆಯಬೇಕೆಂದು ಕೇಳುತ್ತೇವೆಯೋ ಆ ಬಾಗಿಲನ್ನು ಚನ್ನಗಿರಿಯಲ್ಲಿ ಮುಚ್ಚಿಕೊಂಡು ಕೂರುವ ಹಕ್ಕು ನಮಗಿಲ್ಲ.

ಪ್ರತಿ ಫೆಬ್ರುವರಿ 15ಕ್ಕೆ ಸಂತ ಸೇವಾಲಾಲರ ಜಯಂತಿ ನಡೆಯುತ್ತದೆ. ಅವರ ಜನ್ಮಸ್ಥಳವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದ ಸಮುದಾಯ ಈ ಲಂಬಾಣಿಗಳದು. ಆಗ ಅವರು ಮಕ್ಕಳನ್ನು ಬಿಟ್ಟು ನಡೆಯಲಿಲ್ಲ. ತಾಂಡಾ ಎಂದರೆ ಎಲ್ಲರೂ ಕೂಡಿ ನಡೆಯುವುದೇ ಆಗಿತ್ತು. ಮಕ್ಕಳನ್ನು ಜೊತೆಗೆ ಕರೆದೊಯ್ಯುವ ತಾಯಿಯಲ್ಲಿ ನಾವು ಅಜ್ಞಾನ ಕಾಣುತ್ತೇವೆ, ಅವಳು ಮಾಡುತ್ತಿರುವುದು ತಾಯಿ ಮಾಡಬೇಕಾದದ್ದನ್ನೇ. ಜೊತೆಗೆ ಹೋಗದೆ ಹಿಂದೆ ಉಳಿದದ್ದು ಶಾಲೆ. ಈ ದೀಪಾವಳಿಗೆ ಮುಂಚೆ ತಾಂಡಾದ ಒಬ್ಬ ಮುಖ್ಯ ಶಿಕ್ಷಕರು ತೋಟದ ಬಳಿಯ ಶಾಲೆಯ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, "ನಮ್ಮ ಹನ್ನೆರಡು ಮಕ್ಕಳು ನಿಮ್ಮ ಕಡೆ ಬರ್ತಿದಾರೆ, ಹೆಸರು ಬರ್ಕೊಳ್ಳಿ" ಎಂದರೆ ಸಾಕು, ಕೆಲಸ ಶುರುವಾದಂತೆ.