ಹೊಲಿಗೆ ಕಾಣದ ಸುತ್ತುನೋಟ

ಮನೆ ಮಾರಾಟದ ವರ್ಚುವಲ್ ಟೂರ್‌ಗೆ ಕೋಣೆಗೊಂದಾದರೂ 360 ಡಿಗ್ರಿ ಚಿತ್ರ ಬೇಕು. ಬಿಡಿಸಿ ಹರಡಿದಾಗ ಅದರ ಅಗಲ ಎತ್ತರದ ಎರಡರಷ್ಟು: ಸುತ್ತಲೂ 360 ಡಿಗ್ರಿ, ಮೇಲಿಂದ ಕೆಳಕ್ಕೆ 180. ರಿಕೋ ಥೀಟಾದಂಥ ಎರಡು ಲೆನ್ಸಿನ ಕ್ಯಾಮೆರಾ ಇದನ್ನು ಒಂದೇ ಕ್ಲಿಕ್ಕಿನಲ್ಲಿ ತೆಗೆಯುತ್ತದೆ. ಬಾಡಿಗೆ ಮನೆಯ ಜಾಹೀರಾತಿಗೆ ಅಷ್ಟು ಸಾಕು. ಮರಗೆಲಸ, ನೆಲದ ಹೊಳಪು ಸ್ಪಷ್ಟವಾಗಿ ಕಾಣಬೇಕಾದರೆ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 8 ಮಿ.ಮೀ. ಫಿಶ್‌ಐ ಲೆನ್ಸ್ ಹಾಕಿ, 90 ಡಿಗ್ರಿಗೊಂದರಂತೆ ನಾಲ್ಕು ದಿಕ್ಕಿನಲ್ಲಿ ತೆಗೆದು ಜೋಡಿಸುವುದೇ ಮೇಲು.

ಮೊದಲ ಕೆಲಸ ಬೆಳಕಿನದು. ಬೆಂಗಳೂರಿನ ಫ್ಲಾಟುಗಳಲ್ಲಿ ಮಧ್ಯಾಹ್ನ ಬಾಲ್ಕನಿ ಕಣ್ಣು ಕುಕ್ಕುವಂತಿದ್ದರೆ ಹಾಲ್‌ನ ಒಳಮೂಲೆ ಕತ್ತಲು. ಒಂದೇ ಎಕ್ಸ್‌ಪೋಶರ್ ಎರಡನ್ನೂ ಹಿಡಿಯಲಾರದು. ಹಾಗಾಗಿ ಪ್ರತಿ ದಿಕ್ಕಿಗೂ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆದು ಬೆರೆಸುತ್ತಾರೆ. ಬೆರಕೆ ಅತಿಯಾದರೆ ಬಿಳಿ ಗೋಡೆ ಬೂದು ಬಣ್ಣಕ್ಕೆ ತಿರುಗಿ, ಕಿಟಕಿಯ ಸುತ್ತ ಮಸುಕು ಬೆಳಕು ಹಬ್ಬುತ್ತದೆ. ಒಳಗಿಗಿಂತ ಹೊರಗು ತುಸು ಬೆಳಗಿದ್ದರೇ ಸಹಜ. ವೈಟ್ ಬ್ಯಾಲೆನ್ಸ್ ಎಲ್ಲ ಫೋಟೊಗಳಿಗೂ ಒಂದೇ ಇರಬೇಕು. ಇಲ್ಲವಾದರೆ ಅದೇ ಗೋಡೆ ಈ ತುದಿಯಲ್ಲಿ ನೀಲಿ, ಆ ತುದಿಯಲ್ಲಿ ಹಳದಿ.

ಮುಂದಿನದು ಜೋಡಣೆ, ಅಂದರೆ ಸ್ಟಿಚಿಂಗ್. ಪಿಟಿಗುಯಿ ಹಣ ಕೊಟ್ಟು ಕೊಳ್ಳುವ ತಂತ್ರಾಂಶ, ಹಗಿನ್ ಉಚಿತ. ಜರ್ಮನಿಯ ಹೆಲ್ಮುಟ್ ಡೆರ್ಷ್ ಬರೆದ ಪನೋರಮಾ ಟೂಲ್ಸ್ ಈ ಎರಡಕ್ಕೂ ಮೂಲ. ಅಕ್ಕಪಕ್ಕದ ಫೋಟೊಗಳಲ್ಲಿ ಒಂದೇ ಬಿಂದುವನ್ನು ಗುರುತಿಸಿ ಇವು ಚಿತ್ರಗಳನ್ನು ಕೂಡಿಸುತ್ತವೆ. ಖಾಲಿ ಬಿಳಿ ಗೋಡೆಯಲ್ಲಿ ಗುರುತಿಸಲು ಏನೂ ಸಿಗದು. ಸ್ವಿಚ್ ಬೋರ್ಡು, ಮೊಳೆ, ಬಾಗಿಲ ಮೂಲೆ ಹುಡುಕಿ ಬಿಂದುಗಳನ್ನು ಕೈಯಿಂದಲೇ ಇಡಬೇಕು.

ಜೋಡಣೆ ಸರಿಯಾಗಿದೆಯೇ ಎಂದು ತಿಳಿಯಲು ಕಿಟಕಿಯ ಗ್ರಿಲ್ ನೋಡಿದರೆ ಸಾಕು. ಫೋಟೊಗ್ರಾಫರ್‌ಗಳು ರೂಢಿಯಲ್ಲಿ ನೋಡಲ್ ಪಾಯಿಂಟ್ ಎನ್ನುವ ಬಿಂದುವಿನ (ನಿಜಕ್ಕೆ ಲೆನ್ಸಿನ ಎಂಟ್ರನ್ಸ್ ಪ್ಯೂಪಿಲ್) ಸುತ್ತಲೇ ಕ್ಯಾಮೆರಾ ತಿರುಗದಿದ್ದರೆ ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಹೊಂದಾಣಿಕೆ ತಪ್ಪುತ್ತದೆ. ಆಗ ಗ್ರಿಲ್‌ನ ಸರಳು ನಡುವೆ ಮುರಿದೀತು, ಇಲ್ಲವೇ ಎರಡಾಗಿ ಕಂಡೀತು. ಅದರಾಚೆಯ ಎದುರು ಕಟ್ಟಡ ಮಾತ್ರ ಸರಿಯಾಗಿಯೇ ಇರುತ್ತದೆ. ಪುಟ್ಟ ದೇವರಮನೆಯಲ್ಲಿ ಗೋಡೆ ಕ್ಯಾಮೆರಾಕ್ಕೆ ತೀರಾ ಹತ್ತಿರವಿರುವುದರಿಂದ ಈ ದೋಷ ಎದ್ದು ಕಾಣುತ್ತದೆ. ಮಾಸ್ಕ್ ಹಾಕಿ ಒಂದೆರಡು ಸರಳುಗಳನ್ನು ಸರಿಪಡಿಸಬಹುದೇ ಹೊರತು ಇಡೀ ಕೋಣೆಯನ್ನಲ್ಲ. ಟ್ರೈಪಾಡಿನ ಹೆಡ್ ಅನ್ನು ಮೊದಲೇ ಸರಿಯಾಗಿ ಹೊಂದಿಸುವುದೊಂದೇ ದಾರಿ.

ಜೋಡಿಸಿದ ಚಿತ್ರವನ್ನು ಬಾಗಿಲ ಚೌಕಟ್ಟುಗಳ ಆಧಾರದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಅದು ವಾಲಿದ್ದರೆ ತಿರುಗಿಸುತ್ತಿದ್ದಂತೆ ಇಡೀ ಮನೆ ತೂಗಾಡುತ್ತದೆ. ನೆಲದಲ್ಲಿ ಉಳಿದ ಟ್ರೈಪಾಡನ್ನು ಅಳಿಸುವಾಗ ಟೈಲ್ಸ್ ಗೆರೆಗಳು ಕೂಡಿಕೊಳ್ಳಬೇಕು. ಗೋಡೆಯ ಬಿರುಕು, ಸೀಲಿಂಗಿನ ತೇವದ ಕಲೆಗಳನ್ನು ಮಾತ್ರ ಅಳಿಸಕೂಡದು. ದುಬೈಯಲ್ಲೋ ಅಮೆರಿಕದಲ್ಲೋ ಕುಳಿತು ಮನೆ ಆರಿಸುವವರಿಗೆ ಈ ಚಿತ್ರವೇ ಕಣ್ಣು.

ಕೊನೆಗೆ ಚಿತ್ರವನ್ನು ಘನದ ಆರು ಮುಖಗಳಾಗಿ, ಅವನ್ನು ಮತ್ತೆ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ನೋಡುವ ಭಾಗವಷ್ಟೇ ಇಳಿಯುವುದರಿಂದ ಮೊಬೈಲಿನಲ್ಲೂ ಟೂರ್ ಬೇಗ ತೆರೆಯುತ್ತದೆ. ಮೊದಲ ನೋಟ ಬಾಗಿಲಿನಿಂದ ಒಳಬಂದವರು ಕಾಣುವ ದಿಕ್ಕಿಗೇ ಇರಲಿ, 90 ಡಿಗ್ರಿಗಿಂತ ಅಗಲ ಬೇಡ. ಹೆಚ್ಚಿಸಿದರೆ ಹತ್ತು ಅಡಿಯ ಕೋಣೆಯೂ ಛತ್ರದ ಹಾಲ್‌ನಂತೆ ಕಾಣುತ್ತದೆ.