9.55ರ ಭಾಗಾಕಾರ

ಕಳೆದ ಸಲ ಊರಿಗೆ ಹೋದಾಗ ಕಾಕಾನ ಮಗ ಮೊಬೈಲ್ ತೋರಿಸಿದ. 1600 ಮೀಟರ್, 6 ನಿಮಿಷ 24 ಸೆಕೆಂಡ್. ಪಕ್ಕದಲ್ಲೊಂದು ಕಿರೀಟದ ಚಿತ್ರ. ಈವರೆಗಿನ ಅವನ ಅತ್ಯುತ್ತಮ ಓಟ ಅಂತ ಆ್ಯಪ್ ಕೊಟ್ಟ ಶಾಭಾಷ್‌ಗಿರಿ ಅದು. "ಅಣ್ಣಾ, ಇಷ್ಟು ಓಡಿದಾಂವ ಗ್ರೌಂಡಿನ್ಯಾಗ ಹೆಂಗ ಫೇಲ್ ಆದ್ನಿ?" ಅಂದ.

ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ಯಾವ ಕಡೆ ನಸುಕಿನಲ್ಲಿ ಹೋದರೂ ರಸ್ತೆ ಮೇಲೆ ಇದೇ ಓಟ ಓಡೋ ಹುಡುಗರು ಸಿಗ್ತಾರೆ. ಬೆಂಗಳೂರಿನಲ್ಲಿ ನಾನು ಪಿಬಿ, ಪಿಬಿ ಅಂತ ಕುಣಿಯೋದು ಚಟ. ಇವರಿಗೆ ಅದು ನೌಕರಿ.

ಐವತ್ತು ಮೀಟರಿನ ಟೇಪ್ ಹಿಡಿದು ಅವನು ಓಡೋ ರಸ್ತೆಯನ್ನು ಇಬ್ಬರೂ ಅಳೆದೆವು. 1560 ಬಂತು. ಫೋನು ನಮ್ಮ ಜಾಗವನ್ನು ಆಗಾಗ ಗುರುತು ಹಾಕಿಕೊಳ್ತದೆ, ಪ್ರತಿ ಗುರುತೂ ಅಷ್ಟಿಷ್ಟು ಆಚೀಚೆ ಬೀಳ್ತದೆ. ಆ ಚುಕ್ಕಿಗಳನ್ನು ಜೋಡಿಸಿದರೆ ನೆಟ್ಟಗಿನ ರಸ್ತೆಯೂ ಕುಡುಕನ ನಡಿಗೆಯಂಗ ಉದ್ದ ಆಗ್ತದೆ. ಕಡಿಮೆ ಬಿದ್ದ 40 ಮೀಟರಿಗೆ ಅವನ ವೇಗದಲ್ಲಿ ಹತ್ತು ಸೆಕೆಂಡ್ ಬೇಕು. ಅಂದ್ರೆ 6:34. ಇಷ್ಟು ದಿನ ಹುಡುಗ ತನ್ನ ಕಾಲಿಗೆ ಬೈಕೊಂಡಿದ್ದ.

ಟೇಪ್ ಸುತ್ತುವಾಗ 2020ರ ಫೆಬ್ರುವರಿ ನೆನಪಾಯ್ತು. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58 ಮುರೀತು ಅಂತ ದೇಶವೆಲ್ಲ ಸುದ್ದಿ. (ಸರಿಯಾಗಿ ಭಾಗಿಸಿದರೆ 9.558, ಅಂದ್ರೆ 9.56. ಅದನ್ನೂ ಯಾರೂ ನೋಡಲಿಲ್ಲ.) ಕ್ರೀಡಾ ಸಚಿವರು ಟ್ರಯಲ್‌ಗೆ ಕರೆದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರ್ ಓಡಿ ಮುಗಿಸಿದಾಗ ಮತ್ತೆ ಭಾಗಾಕಾರ, ಮತ್ತೆ ಬೋಲ್ಟ್.

ಕಂಬಳದಲ್ಲಿ ಲೇಸರ್ ಇಟ್ಟು ಸಮಯ ಹಿಡೀತಾರೆ, ಅದರ ಮೇಲೆ ನನ್ನ ತಕರಾರಿಲ್ಲ. ತಕರಾರು ಭಾಗಾಕಾರದ ಮೇಲೆ. ನಿಂತಲ್ಲಿಂದ ವೇಗ ಹಿಡಿಯೋಕೆ ಹೋಗೋ ಹೊತ್ತು ಓಟಕ್ಕೆ ಒಂದೇ ಸಲ. ಓಟ ಉದ್ದ ಆದಷ್ಟೂ ಆ ಹೊತ್ತು ಹೆಚ್ಚು ಮೀಟರಿಗೆ ಹಂಚಿಹೋಗ್ತದೆ. ಬೋಲ್ಟ್ ಸ್ವತಃ 2009ರಲ್ಲಿ ಮ್ಯಾಂಚೆಸ್ಟರ್ ಬೀದಿಯಲ್ಲಿ 150 ಮೀಟರನ್ನು 14.35ಕ್ಕೆ ಓಡಿದ. ನಮ್ಮ ಲೆಕ್ಕದಲ್ಲಿ ಅದು 9.57. ಕೊನೆಯ ನೂರು ಮೀಟರ್ 8.70ರಲ್ಲಿ ಮುಗಿಸಿದ್ದ, ಆದರೂ ಅದನ್ನು ನೂರು ಮೀಟರಿನ ದಾಖಲೆ ಅಂತ ಯಾರೂ ಬರೆದುಕೊಳ್ಳಲಿಲ್ಲ. ಇನ್ನು ಕೈಯಲ್ಲಿ ಹಗ್ಗ ಇದ್ದು ಮುಂದೆ ಎರಡು ಕೋಣ ಎಳೀತಿದ್ದರೆ? ಕೆಸರು ಕಷ್ಟ ಅಂತ ಎಲ್ಲರೂ ಬರೆದರು, ಕೋಣಗಳನ್ನು ಮಾತ್ರ ಮರೆತರು. ಗೌಡರು ಮರೀಲಿಲ್ಲ. ಕಂಬಳ ಬೇರೆ, ಟ್ರ್ಯಾಕ್ ಬೇರೆ ಅಂತ ಹೇಳಿ ಟ್ರಯಲ್ ಬೇಡ ಅಂದರು. ಆ ಗದ್ದಲದಲ್ಲಿ ಅಳತೆ ಗೊತ್ತಿದ್ದವರು ಅವರೊಬ್ಬರೇ ಅನಿಸ್ತದೆ.

ಕಂಬಳದ ಓಟವನ್ನು ಕಂಬಳದ ಓಟವಾಗಿ ಹೊಗಳೋಕೆ ನಮಗೇನು ಬ್ಯಾನಿ? ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಕೊಬ್ಬರಿ ಹೋರಿ ಬಿಡ್ತಾರೆ. ಅಲ್ಲಿ ಯಾರೂ ಗಡಿಯಾರ ನೋಡೋದಿಲ್ಲ. ಕೊರಳಿನ ಕೊಬ್ಬರಿ ಹರಿಸಿಕೊಳ್ಳದೆ ಹೋತೋ ಇಲ್ಲೋ, ಅಷ್ಟೇ ಕೇಳ್ತಾರೆ. ಆ ಹೋರಿಯ ಓಟವನ್ನು ನೂರು ಮೀಟರಿಗೆ ಭಾಗಿಸಿದರೆ ಮಾಲಕ ನಗ್ತಾನೆ.

ಮರುದಿನ 1600ರ ಜಾಗದಲ್ಲಿ ಸುಣ್ಣದ ಗೆರಿ ಎಳೆದೆವು. ಫೋನ್ ನನ್ನ ಕೈಗೆ ಕೊಟ್ಟು, ಬರೀ ಸ್ಟಾಪ್‌ವಾಚ್ ಹಚ್ಚು ಅಂದ. 6:33. ಮುಖ ಸಣ್ಣದಾಯ್ತು. "ಮೂರು ಸೆಕೆಂಡ್ ಹೆಚ್ಚಾತಲ್ಲೋ ಅಣ್ಣಾ" ಅಂದ. ಮನಿಗೆ ಬಂದು ಗ್ವಾಡಿ ಕ್ಯಾಲೆಂಡರಿನ ಆ ತಾರೀಖಿನ ಚೌಕದೊಳಗೆ ಪೆನ್ನಿನಲ್ಲಿ ಬರೆದ: 6:33, ಟೇಪ್.