ದೇಶೀಯತೆಯೂ ಸಾಧಾರಣೀಕರಣವೂ: ಮೈಸೂರು ಕಾಡಿನ ಒಂದು ಆಂಗ್ಲ ಚಲಚ್ಚಿತ್ರ

೧

ಒಂದು ದೇಶದ ಆಚಾರವ್ಯವಹಾರಗಳನ್ನು ಅವಲಂಬಿಸಿ ಹುಟ್ಟಿದ ಕೃತಿಯು ಆ ದೇಶವನ್ನು ಎಂದೂ ಕಾಣದವರಿಗೂ ಆಸ್ವಾದ್ಯವಾಗುವುದು ಹೇಗೆಂಬ ಪ್ರಶ್ನೆಯು ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಭಟ್ಟನಾಯಕನು ಇದಕ್ಕೆ ಸಾಧಾರಣೀಕರಣವೆಂಬ ಪರಿಹಾರವನ್ನು ಹೇಳಿದನು. ಅಭಿನವಗುಪ್ತನು ಭಾವಕತ್ವವೆಂಬ ಪ್ರತ್ಯೇಕ ಶಕ್ತಿಯನ್ನು ಒಪ್ಪದಿದ್ದರೂ ಸಾಧಾರಣೀಕರಣವನ್ನು ಮಾತ್ರ ಉಳಿಸಿಕೊಂಡನು. ರಾಮನ ಶೋಕವು ರಾಮನದಾಗಿದ್ದೂ ಸಹೃದಯನ ಪಾಲಿಗೆ ದೇಶಕಾಲಗಳ ಕಟ್ಟನ್ನು ಕಳಚಿಕೊಳ್ಳುವುದೆಂಬುದು ಈ ಮತದ ಸಾರ.

ಚಲಚ್ಚಿತ್ರದ ವಿಷಯದಲ್ಲಿ ಈ ಪ್ರಶ್ನೆಗೆ ವಾಣಿಜ್ಯದ ಭಾರವೂ ಕೂಡಿಕೊಳ್ಳುತ್ತದೆ. ಅಧಿಕ ದ್ರವ್ಯವನ್ನು ವೆಚ್ಚಮಾಡಿ ತಯಾರಿಸಿದ ಚಿತ್ರವು ಅನೇಕ ದೇಶಗಳಲ್ಲಿ ಸಲ್ಲಬೇಕು. ಆದುದರಿಂದ ಸ್ಥಳೀಯವಾದುದನ್ನು ತೇಯ್ದು ನುಣುಪುಮಾಡುವುದೇ ಸರ್ವಜನಗ್ರಾಹ್ಯತೆಗೆ ದಾರಿಯೆಂಬ ಭಾವನೆ ನಿರ್ಮಾಪಕರಲ್ಲಿ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಕನ್ನಡ ನೆಲದಲ್ಲಿಯೇ ಒಂದು ಒರೆಗಲ್ಲು ದೊರೆಯುತ್ತದೆ. ಅದು 1937ರಲ್ಲಿ ತೆರೆಗೆ ಬಂದ ‘ಎಲಿಫೆಂಟ್ ಬಾಯ್’ ಎಂಬ ಆಂಗ್ಲ ಚಿತ್ರ.

೨

ಈ ಚಿತ್ರಕ್ಕೆ ಆಧಾರವು ರಡ್ಯರ್ಡ್ ಕಿಪ್ಲಿಂಗನ ‘ಜಂಗಲ್ ಬುಕ್’ (1894) ಎಂಬ ಸಂಗ್ರಹದಲ್ಲಿರುವ ತೂಮಾಯಿ ಎಂಬ ಮಾವುತರ ಹುಡುಗನ ಕಥೆ. ಕಥೆಯ ಭೂಮಿ ಈಶಾನ್ಯದ ಗಾರೋ ಬೆಟ್ಟಗಳು. ಅದರಲ್ಲಿ ಬರುವ ಕಾಲಾನಾಗವೆಂಬ ಆನೆಯು ಸರಕಾರಕ್ಕೆ 47 ವರ್ಷ ದುಡಿದುದು. ಲಂಡನ್ ಫಿಲ್ಮ್ಸ್ ಸಂಸ್ಥೆಯ ಅಲೆಕ್ಸಾಂಡರ್ ಕೋರ್ಡಾ ಇದನ್ನು ಚಿತ್ರವಾಗಿಸಲು ಅಮೆರಿಕದ ರಾಬರ್ಟ್ ಫ್ಲಾಹರ್ಟಿಯನ್ನು ನಿಯಮಿಸಿದನು. ಗಾರೋ ಬೆಟ್ಟದ ಕಥೆಗೆ ಮೈಸೂರು ಸಂಸ್ಥಾನದ ಕಾಡು ನೆಲೆಯಾಯಿತು. ಅರಸರ ಆನೆಗಳೂ ಮಾವುತರೂ ಖೆಡ್ಡಾದ ಪರಂಪರೆಯೂ ಇಲ್ಲಿ ಸಿದ್ಧವಾಗಿದ್ದುವು. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಅರಮನೆಯ ಮಾವುತನ ಮಗನಾದ ಸಾಬು ಎಂಬ ಬಾಲಕನು ಕಥಾನಾಯಕನಾದನು. ಐರಾವತವೆಂಬ ಮೈಸೂರಿನ ಆನೆ ಕಾಲಾನಾಗವಾಯಿತು.

ಫ್ಲಾಹರ್ಟಿಯ ರೀತಿ ವಿಶಿಷ್ಟವಾದುದು. ‘ನಾನೂಕ್’ (1922) ಚಿತ್ರಕ್ಕಾಗಿ ಅವನು ಉತ್ತರದ ಹಿಮಭೂಮಿಯ ಜನರೊಡನೆ ಇದ್ದು ಅವರ ಬಾಳನ್ನು ಅನುಸರಿಸಿದನು. ಆದರೆ ಅವನ ಸತ್ಯನಿಷ್ಠೆಯನ್ನು ಅತಿಯಾಗಿ ಹೊಗಳುವುದೂ ತರವಲ್ಲ. ‘ಮ್ಯಾನ್ ಆಫ್ ಆರನ್’ (1934) ಚಿತ್ರದಲ್ಲಿ ದ್ವೀಪವಾಸಿಗಳು ಎಂದೋ ಬಿಟ್ಟುಬಿಟ್ಟಿದ್ದ ಮೀನಬೇಟೆಯನ್ನು ಅವರಿಂದ ಮತ್ತೆ ಆಡಿಸಿ, ಅದೇ ಅವರ ಅಂದಿನ ಬಾಳೆಂಬಂತೆ ತೋರಿಸಿದನು. ದೂರದವರಿಗೆ ಪ್ರಾಚೀನವಾಗಿ ತೋರುವುದೇ ನಿಜವಾದ ದೇಶೀಯತೆಯೆಂಬ ಒಲವು ಅವನಲ್ಲಿ ಆಗಲೇ ಇತ್ತು.

ಮೈಸೂರಿನಲ್ಲಿ ಅವನು ತೆಗೆದ ದೃಶ್ಯಗಳು ಬಹಳವಾದರೂ ಅವುಗಳಿಂದ ಮಾರಾಟಕ್ಕೆ ಸಲ್ಲುವ ಕಥೆ ಮೂಡದೆಂದು ಸಂಸ್ಥೆಯು ಬಗೆಯಿತು. ಆಗ ಅಲೆಕ್ಸಾಂಡರನ ತಮ್ಮನಾದ ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನ್ಹಾಮ್ ಸ್ಟುಡಿಯೋದಲ್ಲಿ ಸಂಭಾಷಣೆಯ ಭಾಗಗಳನ್ನು ತೆಗೆದನು. ಹೀಗೆ ಒಂದೇ ಚಿತ್ರಕ್ಕೆ ಇಬ್ಬರು ನಿರ್ದೇಶಕರಾದರು. ಆ ವರ್ಷ ವೆನಿಸ್ ನಗರದ ಉತ್ಸವದಲ್ಲಿ ನಿರ್ದೇಶನದ ಪುರಸ್ಕಾರವು ಇಬ್ಬರಿಗೂ ಸಂದಿತು.

೩

ವಿಮರ್ಶಕನ ಅದೃಷ್ಟವಿಶೇಷದಿಂದ ಈ ಚಿತ್ರದಲ್ಲಿ ಹೊಲಿಗೆಯು ಬರಿಗಣ್ಣಿಗೇ ಕಾಣುತ್ತದೆ. ಮೈಸೂರಿನ ಭಾಗಗಳಲ್ಲಿ ಬಾಲಕನು ಆನೆಯ ಸೊಂಡಿಲನ್ನು ಹಿಡಿದು ಅದರ ಮೇಲಕ್ಕೆ ಏರುವುದು, ನದಿಯಲ್ಲಿ ಅದರ ಮೈಯನ್ನು ಉಜ್ಜುವುದು, ಅದರೊಡನೆ ಮುನಿದು ಮಾತನಾಡುವುದು, ಇವು ಯಾವ ವಿವರಣೆಯನ್ನೂ ಬೇಡುವುದಿಲ್ಲ. ಮಾವುತರ ಮನೆಯಲ್ಲಿ ಹುಟ್ಟಿದವನಿಗಲ್ಲದೆ ಬಾರದ ಸಲಿಗೆ ಅದು. ಆನೆಯನ್ನು ಚಿತ್ರಪಟದಲ್ಲಿ ಮಾತ್ರ ಕಂಡವನ ಹೃದಯವನ್ನೂ ಅದು ಮುಟ್ಟುತ್ತದೆ. ಡೆನ್ಹಾಮಿನ ಭಾಗಗಳಲ್ಲಾದರೋ ಹುಡುಗನ ತಂದೆಯೂ ಬೇಟೆಗಾರರ ಮುಖ್ಯಸ್ಥನಾದ ಮಾಚುವ ಅಪ್ಪನೂ ಕ್ರೂರಿಯಾದ ಹೊಸ ಮಾವುತನೂ ಬಣ್ಣ ಬಳಿದುಕೊಂಡ ಆಂಗ್ಲ ನಟರು. ಅವರ ಇಂಗ್ಲೀಷು ಎಲ್ಲರಿಗೂ ತಿಳಿಯುತ್ತದೆ. ಆದರೆ ಅವರಿಂದ ಯಾರಿಗೂ ಏನೂ ಆಗುವುದಿಲ್ಲ. ಕಿಪ್ಲಿಂಗನಲ್ಲಿ ಬದುಕಿಯೇ ಇರುವ ತಂದೆಯನ್ನು ಚಿತ್ರದಲ್ಲಿ ಹುಲಿಗೆ ಬಲಿಕೊಟ್ಟುದೂ ಕರುಣವು ಬೇಗನೆ ಕೈಗೂಡಲೆಂದು ಮಾಡಿದ ಉಪಾಯವೇ ಸರಿ.

ಇಲ್ಲಿಯ ವಿಪರ್ಯಾಸವನ್ನು ಗಮನಿಸತಕ್ಕದ್ದು. ಲೋಕದ ಪ್ರೇಕ್ಷಕರಿಗಾಗಿಯೇ ಸೇರಿಸಿದ ಭಾಗಗಳು ಇಂದು ಹಳಸಿವೆ. ಲೋಕಕ್ಕೆ ಸಲ್ಲವೆಂದು ಶಂಕಿಸಿದ ಭಾಗಗಳೇ ಉಳಿದಿವೆ. ರಸಭಂಗಕ್ಕೆ ಅನೌಚಿತ್ಯವೇ ಮೂಲವೆಂಬ ಆನಂದವರ್ಧನನ ಮತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಸಾಧಾರಣೀಕರಣವೆಂದರೆ ವಿಶೇಷವನ್ನು ಕಳೆಯುವುದಲ್ಲ, ವಿಶೇಷದ ಮೂಲಕವೇ ಅದನ್ನು ದಾಟುವುದು. ವಿಭಾವವು ಮಸಕಾದಲ್ಲಿ ಭಾವವು ನಿಲ್ಲಲು ನೆಲೆಯೇ ಇರುವುದಿಲ್ಲ.

ಆದರೂ ಫ್ಲಾಹರ್ಟಿಯ ಭಾಗಗಳೂ ನಿರ್ದುಷ್ಟವಲ್ಲ. ಅಲ್ಲಿ ಕಾಡಿದೆ, ಆನೆಯಿದೆ, ಮುಖಗಳಿವೆ. ಆ ಮುಖಗಳಿಗೆ ನುಡಿಯಿಲ್ಲ. ನಾಯಕನಾದ ಬಾಲಕನೂ ಪ್ರೇಕ್ಷಕರೊಡನೆ ಮಾತನಾಡುವುದು ತನಗೆ ಕಲಿಸಿದ ಇಂಗ್ಲೀಷಿನಲ್ಲಿ. ಗಾರೋ ಬೆಟ್ಟವಿದ್ದೆಡೆಯಲ್ಲಿ ಮೈಸೂರನ್ನು ಇಟ್ಟರೂ ಕಥೆಗೆ ಏನೂ ಊನವಾಗದಿದ್ದುದಕ್ಕೆ ಈ ಮೌನವೇ ಕಾರಣ. ಅರ್ಧ ಶತಮಾನದ ತರುವಾಯ, 1984ರಲ್ಲಿ, ಡೇವಿಡ್ ಲೀನನು ಫಾರ್ಸ್ಟರನ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಚಿತ್ರವಾಗಿಸಿದಾಗಲೂ ಬಿಹಾರದ ಗುಹೆಗಳ ಪಾತ್ರವನ್ನು ಸಾವನದುರ್ಗ ಮತ್ತು ರಾಮನಗರದ ಬಂಡೆಗಳು ವಹಿಸಿದುವು. ನುಡಿಯನ್ನು ಕಳೆದ ನೆಲವು ಯಾವ ನೆಲವಾಗಿಯೂ ನಟಿಸಬಲ್ಲದು.

ನೆಲಕ್ಕಾದುದು ಬಾಲಕನಿಗೂ ಆಯಿತು. ಇಂಗ್ಲೆಂಡಿಗೆ ಹೋದ ಸಾಬು ‘ದಿ ಡ್ರಮ್’ (1938) ಚಿತ್ರದಲ್ಲಿ ವಾಯವ್ಯ ಗಡಿಯ ರಾಜಕುಮಾರನಾದನು, ‘ದಿ ಥೀಫ್ ಆಫ್ ಬಾಗ್ದಾದ್’ (1940) ಚಿತ್ರದಲ್ಲಿ ಅರಬ್ಬೀ ಕಳ್ಳನಾದನು, 1942ರಲ್ಲಿ ಮೌಗ್ಲಿಯಾದನು. ಅವನ ಕೀರ್ತಿ ಖಂಡಾಂತರಗಳಿಗೆ ಹಬ್ಬಿತು. ಆದರೆ ಅದು ಪೂರ್ವದೇಶವೆಂಬ ಒಂದು ಅಸ್ಪಷ್ಟ ಕಲ್ಪನೆಯ ಕೀರ್ತಿ, ಕಾರಾಪುರದ್ದಲ್ಲ. ಅವನು 1963ರಲ್ಲಿ ಅಮೆರಿಕದಲ್ಲಿಯೇ ತೀರಿಕೊಂಡನು. ಯಾವ ದೇಶದವನೂ ಆಗಬಲ್ಲವನನ್ನು ಸರ್ವದೇಶೀಯನೆಂದು ಭ್ರಮಿಸಿದುದೇ ಇಲ್ಲಿಯ ಪ್ರಮಾದ.

೪

ಅದೇ ಕಾಡನ್ನು ಒಳಗಿನಿಂದ ಕಂಡ ಕೃತಿಯೂ ಕನ್ನಡದಲ್ಲಿದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕವು ಕಾಡುಕುರುಬರ ನಾಯಕನಾದ ಕಾಕನನ್ನು ರಣಧೀರ ಕಂಠೀರವನೆದುರು ನಿಲ್ಲಿಸಿ ಅವನಿಗೆ ಮಾತನ್ನು ಕೊಡುತ್ತದೆ. ಸಿ.ಆರ್. ಸಿಂಹ ಅವರು 1977ರಲ್ಲಿ ಅದನ್ನು ಚಿತ್ರವಾಗಿಸಿದರು. ಆಂಗ್ಲ ಚಿತ್ರದಲ್ಲಿ ಕಾಡಿನ ಜನರು ಆನೆಯ ಹಿನ್ನೆಲೆ. ಇಲ್ಲಿ ಅವರೇ ಕಥೆ. ಆದರೆ ಸಾಬುವಿನ ಚಿತ್ರವು ತಲಪಿದಷ್ಟು ದೂರ ಇದು ತಲಪಲಿಲ್ಲವೆಂಬುದನ್ನೂ ಒಪ್ಪಬೇಕು. ನುಡಿಯುಳ್ಳದ್ದು ದೂರ ಹೋಗಲಾರದೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು.

ಇದಕ್ಕೆ ಸಮಾಧಾನವನ್ನು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಎಂಬ ಹಳ್ಳಿಯು ಹೇಳಿದೆ. ರಾಮ್ ರೆಡ್ಡಿ ಮತ್ತು ಈರೇಗೌಡರು ಅಲ್ಲಿಯ ಜನರನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು, ಅಲ್ಲಿಯ ಆಡುಮಾತನ್ನು ಒಂದಿಷ್ಟೂ ತಿದ್ದದೆ, ಒಬ್ಬ ಮುದುಕನ ಸಾವಿಗೂ ಅವನ ಹನ್ನೊಂದನೆಯ ದಿನದ ಕರ್ಮಕ್ಕೂ ನಡುವೆ ನಡೆಯುವುದನ್ನು ‘ತಿಥಿ’ ಚಿತ್ರದಲ್ಲಿ ತೋರಿಸಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಅದಕ್ಕೆ ಎರಡು ಪ್ರಶಸ್ತಿಗಳು ಬಂದುವು. ತಂದೆಯ ಸಾವಿಗೆ ಅಳದ ಮಗ, ಭೂಮಿಯ ಪತ್ರಕ್ಕಾಗಿ ತವಕಿಸುವ ಮೊಮ್ಮಗ, ಇವರನ್ನು ಅರಿಯಲು ತಿಥಿಯ ವಿಧಿಯು ಮೊದಲೇ ತಿಳಿದಿರಬೇಕಾಗಿಲ್ಲ. ಆದರೆ ಆ ವಿಧಿಯಿಲ್ಲದೆ ಅವರು ಇರಲಾರರು. ದೇಸಿಯನ್ನೂ ಮಾರ್ಗವನ್ನೂ ಕೂಡಿಸಿದ ಪಂಪನ ಪರಂಪರೆಗೆ ಇದು ಅಪರಿಚಿತವಾದ ಮಾತಲ್ಲ.

ಇನ್ನೊಂದು ಬಗೆಯ ಕೊರತೆ ಇಂದು ಕಾಣಿಸಿಕೊಂಡಿದೆ. ಕನ್ನಡನಾಡಿನಲ್ಲಿ ಪರಭಾಷಾ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸುವುದಕ್ಕೆ ದಶಕಗಳ ಕಾಲ ವಿರೋಧವಿತ್ತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅದರ ವಿರುದ್ಧ ತೀರ್ಪನ್ನಿತ್ತ ಮೇಲೆ ಆ ತಡೆ ಸಡಿಲಿತು. ‘ಅವತಾರ್’ ಚಿತ್ರದ ಎರಡನೆಯ ಭಾಗವು 2022ರಲ್ಲಿ ಕನ್ನಡದಲ್ಲಿಯೂ ಬಂದಿತು. ಒಮ್ಮೆ ಕೆರೆಯ ದಂಡೆಯ ಹಳ್ಳಿಯಾಗಿದ್ದು ಇಂದು ಬೆಂಗಳೂರಿನೊಳಗೆ ಸೇರಿರುವ ಸಾರಕ್ಕಿಯ ಪ್ರೇಕ್ಷಕನು ಈಗ ಅನ್ಯಗ್ರಹದ ಜೀವಿಗಳ ಬಾಯಲ್ಲಿ ತನ್ನ ನುಡಿಯನ್ನು ಕೇಳಬಲ್ಲನು. ಇದು ಅವನ ಹಕ್ಕು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾಬುವಿನ ಚಿತ್ರದಲ್ಲಿ ನೆಲವಿದ್ದು ನುಡಿಯಿರಲಿಲ್ಲ. ಇಲ್ಲಿ ನುಡಿಯಿದ್ದು ನೆಲವಿಲ್ಲ. ಎರಡೂ ಅರೆ.

ಕಾಕನಕೋಟೆಯ ಖೆಡ್ಡಾ 1971ಕ್ಕೆ ಕೊನೆಗೊಂಡಿತು. ಆ ಕಡೆಯ ಕಾಡಿನ ಬಹುಭಾಗವನ್ನು ಕಬಿನಿಯ ನೀರು ಆವರಿಸಿತು. ಆನೆ, ಮಾವುತ, ಹುಡುಗ, ಇವರ ಒಡನಾಟದ ಒಂದು ಸಾಕ್ಷ್ಯವನ್ನು ಪರದೇಶದ ಚಿತ್ರವು ಉಳಿಸಿಕೊಟ್ಟಿತೆಂಬ ಋಣವನ್ನು ಮರೆಯಲಾಗದು. ಆದರೆ ಆ ಹುಡುಗನು ತನ್ನ ಆನೆಯೊಡನೆ ಯಾವ ಮಾತಿನಲ್ಲಿ ಮುನಿಯುತ್ತಿದ್ದನೆಂಬುದನ್ನು ಆ ಚಿತ್ರವು ಉಳಿಸಲಿಲ್ಲ. ಲೋಕವನ್ನು ಮೆಚ್ಚಿಸಿದ ಚಿತ್ರವನ್ನು ಅಳೆಯುವಾಗ ಅದು ಎಷ್ಟು ದೂರ ಹೋಯಿತೆಂಬುದರ ಜೊತೆಗೆ, ಹೋಗುವಾಗ ಯಾರ ಮಾತನ್ನು ಹಿಂದೆ ಬಿಟ್ಟಿತೆಂಬುದನ್ನೂ ಕೇಳಬೇಕಾಗಿದೆ.